ಜೆಲ್ಲಿ ರೋಲ್ ಟೇಬಲ್ ರನ್ನರ್ ಹೊಲಿಯಲು ಹೋಗಿ ಬಾಳೆಹಣ್ಣು ಹೊಲಿದಿದ್ದೇನೆ, ಬಿಚ್ಚಬೇಕಾ?

ಸೂಜಿಮಲ್ಲಿಗೆ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಕಷ್ಟ ಬಂದಿದೆ, ಬರೆಯುತ್ತಿದ್ದೇನೆ.

ನಾನು ಗದಗಿನವಳು, ಈಗ ಓಹಾಯೊದ ಕೊಲಂಬಸ್‌ನಲ್ಲಿದ್ದೇನೆ. ಆಫೀಸಿನ ಗೆಳತಿಯೊಬ್ಬಳು ರಿಟೈರ್ ಆಗಿ ಮನೆ ಖಾಲಿ ಮಾಡುವಾಗ ನನಗೊಂದು ಜೆಲ್ಲಿ ರೋಲ್ ಕೊಟ್ಟಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದಕ್ಕೊಂದು ಹೊಂದುವ ಬಣ್ಣದ 40 ಬಟ್ಟೆ ಪಟ್ಟಿಗಳು, ಒಂದೊಂದೂ ಎರಡೂವರೆ ಇಂಚು ಅಗಲ, ಸುಮಾರು 42 ಇಂಚು ಉದ್ದ. ಎಲ್ಲವನ್ನೂ ಸುರುಳಿ ಸುತ್ತಿ ರಿಬ್ಬನ್ ಕಟ್ಟಿರುತ್ತಾರೆ, ಮಿಠಾಯಿ ಅಂಗಡಿಯಲ್ಲಿಟ್ಟ ತಿಂಡಿ ಥರ ಕಾಣುತ್ತದೆ. ಬಿಚ್ಚಲು ಮನಸ್ಸಾಗದೆ ಒಂದು ವರ್ಷ ಕಪಾಟಿನಲ್ಲಿಟ್ಟು ಸುಮ್ನೆ ನೋಡಿಕೊಂಡಿದ್ದೆ.

ದೀಪಾವಳಿಗೆ ಅವ್ವ ಬರುತ್ತಾಳೆ. ಅಷ್ಟರಲ್ಲಿ ಊಟದ ಟೇಬಲ್ಲಿಗೆ ಒಂದು ರನ್ನರ್, ಅಂದರೆ ನಡುವೆ ಉದ್ದಕ್ಕೆ ಹಾಸುವ ಬಟ್ಟೆ, ಮಾಡೋಣ ಅಂದುಕೊಂಡೆ. ಲೆಕ್ಕ ಸುಲಭ ಇತ್ತು. ಏಳು ಪಟ್ಟಿ ಉದ್ದಕ್ಕೆ ಜೋಡಿಸಿದರೆ, ಪ್ರತಿ ಹೊಲಿಗೆಯ ಎರಡೂ ಕಡೆ ಕಾಲು ಕಾಲು ಇಂಚು ಒಳಗೆ ಹೋಗಿ, ಹದಿನಾಲ್ಕೂವರೆ ಇಂಚು ಅಗಲ, 42 ಇಂಚು ಉದ್ದ. ಒಂದು ಭಾನುವಾರದ ಕೆಲಸ, ಅಲ್ವಾ?

ಈಗ ಎದುರಿಗೆ ಇರುವುದು ಬಾಳೆಹಣ್ಣು. ಟೇಬಲ್ ಮೇಲೆ ಹಾಸಿದರೆ ಒಂದು ಕಡೆ ಡೊಂಕು ಹೊಡೆಯುತ್ತದೆ. ಇಸ್ತ್ರಿ ಮಾಡಿದೆ, ಎಳೆದೆ, ಮೇಲೆ ದಪ್ಪ ಡಿಕ್ಷನರಿ ಇಟ್ಟೆ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದಂಗಾಯ್ತು. ಸಾಲದ್ದಕ್ಕೆ ಅಗಲವೂ 14.5 ಬಂದಿಲ್ಲ, 13.75 ಇದೆ. ಮುಕ್ಕಾಲು ಇಂಚು ಎಲ್ಲಿ ಹೋಯಿತು? ಪೂರ್ತಿ ಬಿಚ್ಚಬೇಕಾ?

ಬಾಬಿನ್‌ಖಾಲಿ · ಶನಿವಾರ ರಾತ್ರಿ

ಅಯ್ಯೋ, ಬಿಚ್ಚಬೇಡಿ! ಮೊದಲು ಮೂರು ಪ್ರಶ್ನೆ. ಆರೂ ಹೊಲಿಗೆಯನ್ನು ಒಂದೇ ತುದಿಯಿಂದ ಶುರು ಮಾಡಿದಿರಾ? ಕಾಲು ಇಂಚಿನ ಅಳತೆಗೆ ಏನು ಹಿಡಿದಿರಿ? ಇಸ್ತ್ರಿ ಹೇಗೆ ಮಾಡಿದಿರಿ, ಒತ್ತಿದಿರಾ ಅಥವಾ ಎಳೆದಾಡಿದಿರಾ?

(ಬೆಂಗಳೂರು, ಜಯನಗರ. ಹತ್ತು ವರ್ಷದಿಂದ ಕ್ವಿಲ್ಟ್, ಅಂದರೆ ಬಟ್ಟೆ ತುಂಡು ಜೋಡಿಸಿ ಪದರ ಸೇರಿಸಿ ಹೊಲಿಯುವ ಹುಚ್ಚು. ಮನೆಯಲ್ಲಿ ಬಟ್ಟೆ ಜಾಸ್ತಿ, ಜಾಗ ಕಡಿಮೆ.)

ಸೂಜಿಮಲ್ಲಿಗೆ · ಶನಿವಾರ ರಾತ್ರಿ

ಹೌದು, ಎಲ್ಲ ಹೊಲಿಗೆಯೂ ಒಂದೇ ಕಡೆಯಿಂದ. ಮಿಷಿನ್ನಿನ ಫುಟ್ ಅಂಚಿಗೆ ಬಟ್ಟೆ ಅಂಚು ಸೇರಿಸಿ ಹೊಲಿದೆ, ಅದೇ ಕಾಲು ಇಂಚು ಅಂದುಕೊಂಡಿದ್ದೆ. ಇಸ್ತ್ರಿ... ಅಂಗಿಗೆ ಮಾಡುವ ಹಾಗೆ, ಹಬೆ ಬಿಟ್ಟು, ಜೋರಾಗಿ ಎಳೆದೆಳೆದು. ಮೂರೂ ತಪ್ಪು ಅನಿಸುತ್ತಿದೆ ಈಗ.

ಕತ್ತರಿಪ್ರಯೋಗ · ಭಾನುವಾರ ಬೆಳಗ್ಗೆ

ತಾಯಿ, ಬೇಜಾರು ಮಾಡ್ಕೋಬೇಡಿ. ನಾನು ಮೈಸೂರಿನಲ್ಲಿ 31 ವರ್ಷ ಟೈಲರಿಂಗ್ ಮಾಡಿದವನು, ಈಗ ಅಂಗಡಿ ಮಗನದ್ದು. ಕ್ವಿಲ್ಟ್ ನನ್ನ ಕಸುಬಲ್ಲ. ಆದರೆ ಬಟ್ಟೆ ಯಾಕೆ ಡೊಂಕಾಗುತ್ತೆ ಅಂತ ನನಗೆ ಗೊತ್ತು, ಎಷ್ಟು ಲಂಗದ ಅಂಚು ಹಾಳು ಮಾಡಿ ಕಲಿತಿದ್ದೇನೆ.

ಮಿಷಿನ್ನಿನ ಕೆಳಗಿನ ಹಲ್ಲು ಕೆಳಗಿನ ಬಟ್ಟೆಯನ್ನು ಹಿಡಿದು ಹಿಂದಕ್ಕೆ ತಳ್ಳುತ್ತದೆ. ಮೇಲಿನ ಬಟ್ಟೆಗೆ ಹಲ್ಲಿಲ್ಲ, ಫುಟ್ ಅದನ್ನು ಒತ್ತಿ ಹಿಡಿದಿರುತ್ತದೆ. ಹಾಗಾಗಿ ಕೆಳಗಿನದು ಕೂದಲೆಳೆಯಷ್ಟು ಬೇಗ ಹೋಗುತ್ತದೆ, ಮೇಲಿನದು ಅಷ್ಟೇ ಹಿಂದೆ ಉಳಿಯುತ್ತದೆ. ಒಂದು ಹೊಲಿಗೆಯಲ್ಲಿ ಗೊತ್ತಾಗಲ್ಲ. ಆರು ಹೊಲಿಗೆ ಒಂದೇ ದಿಕ್ಕಿಗೆ ಹಾಕಿದರೆ ಆ ಕೂದಲೆಳೆಗಳೆಲ್ಲ ಒಂದೇ ಕಡೆ ಕೂಡಿಕೊಂಡು ಬಟ್ಟೆ ಬಿಲ್ಲಾಗುತ್ತದೆ. ಒಂದು ಹೊಲಿಗೆ ಎಡ ತುದಿಯಿಂದ, ಮುಂದಿನದು ಬಲ ತುದಿಯಿಂದ ಹಾಕಿ. ಒಂದರ ತಪ್ಪನ್ನು ಇನ್ನೊಂದು ತಿನ್ನುತ್ತದೆ.

ಎರಡನೇ ಕಾರಣ ಬಟ್ಟೆಯಲ್ಲೇ ಇದೆ. ನೀವು ಹೇಳಿದ ಪಟ್ಟಿಯನ್ನು ಬಟ್ಟೆಯ ಅಗಲಕ್ಕೆ ಕತ್ತರಿಸಿರುತ್ತಾರೆ. ಅದಕ್ಕೇ 42 ಇಂಚು. ಅಂದರೆ ಪಟ್ಟಿಯ ಉದ್ದಕ್ಕೆ ಓಡುವುದು ಹೊಕ್ಕಿನ ಎಳೆ (ನೇಯುವಾಗ ಅಡ್ಡ ಹಾಯುವುದು), ಹಾಸಿನದ್ದಲ್ಲ (ಮಗ್ಗಕ್ಕೆ ಉದ್ದ ಕಟ್ಟಿದ್ದು). ಹಾಸು ಗಟ್ಟಿ ನಿಲ್ಲುತ್ತದೆ, ಹೊಕ್ಕು ಎಳೆದರೆ ಸ್ವಲ್ಪ ಬರುತ್ತದೆ. ನಂಬದಿದ್ದರೆ ಒಂದು ಕರ್ಚೀಫು ಎರಡೂ ಕಡೆ ಎಳೆದು ನೋಡಿ. ಅಂಥ ಪಟ್ಟಿಗೆ ಹಬೆ ಬಿಟ್ಟು ಎಳೆದು ಇಸ್ತ್ರಿ ಮಾಡಿದರೆ ಅದು ಉದ್ದವಾಗದೆ ಇನ್ನೇನಾಗುತ್ತೆ? ಇಸ್ತ್ರಿ ಪೆಟ್ಟಿಗೆ ಇಡಿ, ಎತ್ತಿ, ಮುಂದಿಡಿ. ಎಳೆಯಬೇಡಿ.

ಇನ್ನು ನಿಮ್ಮ ಮುಕ್ಕಾಲು ಇಂಚು. ಏಳು ಪಟ್ಟಿಗೆ ಆರು ಹೊಲಿಗೆ. ಮುಕ್ಕಾಲನ್ನು ಆರಕ್ಕೆ ಹಂಚಿದರೆ ಹೊಲಿಗೆಗೆ ಅರೆಪಾವು, ಅಂದರೆ ಇಂಚಿನ ಎಂಟನೇ ಒಂದು ಭಾಗ. ಹೊಲಿಗೆಯ ಎರಡೂ ಕಡೆ ಹಂಚಿದರೆ ಹದಿನಾರನೇ ಒಂದು ಭಾಗ. ನಿಮ್ಮ ಫುಟ್ಟಿನ ಅಂಚು ಸೂಜಿಯಿಂದ ಕಾಲು ಇಂಚಲ್ಲ, ಅದಕ್ಕಿಂತ ಹದಿನಾರನೇ ಒಂದು ಭಾಗ ಆಚೆ ಇದೆ. ಬ್ಲೌಸಿನಲ್ಲಿ ಇದನ್ನು ಯಾರೂ ಕೇಳಲ್ಲ. ಪಟ್ಟಿ ಜೋಡಿಸುವಲ್ಲಿ ಕೇಳುತ್ತೆ.

ಪರೀಕ್ಷೆ ಮಾಡಿ. ಎರಡೂವರೆ ಇಂಚಿನ ಮೂರು ಚಿಕ್ಕ ತುಂಡು ಜೋಡಿಸಿ, ಒತ್ತಿ, ನಡುವಿನದನ್ನು ಅಳೆಯಿರಿ. ಸರಿಯಾಗಿ ಎರಡು ಇಂಚು ಬರಬೇಕು. ಬರುವ ತನಕ ಸೂಜಿ ಪಕ್ಕದ ತಟ್ಟೆಯ ಮೇಲೆ ಮಾಸ್ಕಿಂಗ್ ಟೇಪು ಸರಿಸಿ ಸರಿಸಿ ಅಂಟಿಸಿ. ಬಂದ ಮೇಲೆ ಆ ಟೇಪು ತೆಗೆಯಬೇಡಿ.

ಬಾಬಿನ್‌ಖಾಲಿ · ಭಾನುವಾರ ಬೆಳಗ್ಗೆ

ಹಾಸು ಹೊಕ್ಕು ವಿವರಣೆಗೆ ಕೈ ಮುಗಿದೆ ಸಾರ್. ಹತ್ತು ವರ್ಷ ಹೊಲಿದೂ ನನಗೆ ಹೀಗೆ ಯಾರೂ ಹೇಳಿರಲಿಲ್ಲ.

ಒಂದು ಸೇರಿಸುತ್ತೇನೆ. ಜೆಲ್ಲಿ ರೋಲ್‌ನ ಅಂಚು ನೇರ ಇರಲ್ಲ, ಗರಗಸದ ಹಲ್ಲಿನ ಥರ ಇರುತ್ತದೆ, ಎಳೆ ಬಿಡದಿರಲಿ ಅಂತ. ಎರಡೂವರೆ ಇಂಚು ಅನ್ನುವುದು ಹಲ್ಲಿನ ತುದಿಯಿಂದ ತುದಿಗೋ ಒಳಗಿನ ಗುಳಿಯಿಂದ ಗುಳಿಗೋ ಅನ್ನುವುದು ಒಂದೊಂದು ಕಂಪನಿಯದು ಒಂದೊಂದು ಥರ. ಸುರುಳಿ ಬಿಚ್ಚಿದ ಕೂಡಲೇ ಒಂದು ಪಟ್ಟಿ ಅಳೆದು, ಎಲ್ಲಿಂದ ಹಿಡಿದರೆ 2.5 ಬರುತ್ತದೆ ನೋಡಿ, ಕೊನೆ ತನಕ ಅಲ್ಲಿಂದಲೇ ಹಿಡಿಯಬೇಕು. ಅಂದ ಹಾಗೆ ಜೆಲ್ಲಿ ರೋಲ್ ಅನ್ನುವುದು ಮೋಡಾ ಕಂಪನಿ ಇಟ್ಟ ಹೆಸರು. ಬೇರೆಯವರು ಅದೇ ಅಳತೆಗೆ ಬೇರೆ ಹೆಸರಿಡುತ್ತಾರೆ. ಐದಿಂಚು ಚೌಕದ ಕಟ್ಟು ಚಾರ್ಮ್ ಪ್ಯಾಕ್, ಹತ್ತಿಂಚಿನದು ಲೇಯರ್ ಕೇಕ್. ಚಾರ್ಮ್ ಬಿಟ್ಟರೆ ತಿಂಡಿ ಹೆಸರೇ, ಡಯೆಟ್‌ನಲ್ಲಿರುವವರು ಇಟ್ಟಿರಬೇಕು.

ಈಗ ಸೂಜಿಮಲ್ಲಿಗೆ ಅವರ ಬಾಳೆಹಣ್ಣಿಗೆ ಔಷಧಿ: ಬಿಚ್ಚಬೇಡಿ, ಅಡ್ಡ ಕತ್ತರಿಸಿ. 42 ಇಂಚಿನಲ್ಲಿ ಕಾಣುವ ಡೊಂಕು ಆರೂವರೆ ಇಂಚಿನ ತುಂಡಿನಲ್ಲಿ ಕಾಣುವುದೇ ಇಲ್ಲ. ತುದಿ ಸವರಿ ಆರೂವರೆ ಇಂಚಿನ ಆರು ತುಂಡು ಮಾಡಿ. ಪ್ರತಿ ಸಲ ಸ್ಕೇಲನ್ನು ಹೊಲಿಗೆಯ ಗೆರೆಗೆ ಮೂಲೆಮಟ್ಟಕ್ಕೆ ಹಿಡಿದು ಕತ್ತರಿಸಿ, ಹಿಂದಿನ ಅಂಚಿಗಲ್ಲ. ಎಲ್ಲದರ ಅಗಲವನ್ನೂ ಹದಿಮೂರೂವರೆಗೆ ಸವರಿ. ಆಮೇಲೆ ಒಂದು ಬಿಟ್ಟು ಒಂದನ್ನು ತಲೆಕೆಳಗು ಮಾಡಿ, ನಡುನಡುವೆ ಬೇರೆ ಬಣ್ಣದ ಎರಡೂವರೆ ಇಂಚಿನ ಪಟ್ಟಿ ಇಟ್ಟು ಜೋಡಿಸಿ. ಆರು ತುಂಡು ಆರಾರು ಇಂಚು, ಐದು ನಡುಪಟ್ಟಿ ಎರಡೆರಡು ಇಂಚು. ಒಟ್ಟು 46 ಇಂಚು, ಮೇಲೆ ಅಂಚಿನ ಅರ್ಧ. ಮೊದಲಿಗಿಂತ ಉದ್ದ ಬಂತು, ಡೊಂಕೂ ಹೋಯಿತು.

ಧಾರವಾಡದಕ್ಕ · ಭಾನುವಾರ ಮಧ್ಯಾಹ್ನ

ನಾನೊಂದು ಕೇಳಲೇನು ತಂಗಿ? ಸಿಟ್ಟಾಗಬೇಡ. ಹೊಸ ಬಟ್ಟೆ ತಂದು, ಅದನ್ನು ಚೂರು ಚೂರು ಮಾಡಿ, ಮತ್ತೆ ಜೋಡಿಸುವುದು ಯಾವ ಸೀಮೆ ಕೆಲಸ? ಆ ಸುರುಳಿಗೆ ಅಲ್ಲಿ ರೊಕ್ಕ ಎಷ್ಟು?

ಸೂಜಿಮಲ್ಲಿಗೆ · ಭಾನುವಾರ ಸಂಜೆ

ನನಗೆ ಪುಕ್ಕಟೆ ಬಂತು ಅಕ್ಕಾ. ಅಂಗಡಿಯಲ್ಲಿ ನೋಡಿದಾಗ 45 ಡಾಲರ್ ಇತ್ತು.

ಧಾರವಾಡದಕ್ಕ · ಭಾನುವಾರ ಸಂಜೆ

ನಲವತ್ತೈದು ಡಾಲರ್ ಅಂದರೆ ಇಲ್ಲಿ ಒಂದು ಚಂದನೆಯ ಇಳಕಲ್ ಸೀರೆ ಬರುತ್ತದೆ ನೋಡವಾ.

ನಮ್ಮ ಮನೆಯಲ್ಲಿ ಕೌದಿ ಹೊಲಿಯುವುದು ಬೇಸಿಗೆಯಲ್ಲಿ. ವರ್ಷವಿಡೀ ಹರಿದ ಸೀರೆ, ಧೋತರ, ಅಂಗಿ ಎಲ್ಲ ಒಂದು ಗಂಟಿನಲ್ಲಿ ಕೂಡಿಹಾಕುತ್ತಿದ್ದರು. ಮಾಗಿದ ಬಟ್ಟೆಯೇ ಬೇಕು. ಹೊಸ ಬಟ್ಟೆಯ ಕೌದಿ ಮೈಗೆ ಹತ್ತುವುದಿಲ್ಲ, ಗಂಜಿ ಹಾಕಿದಂಗ ಸೆಟೆದು ನಿಲ್ಲುತ್ತದೆ. ಪಡಸಾಲೆಯಲ್ಲಿ ಅಜ್ಜಿಯ ಒಂಬತ್ತು ಗಜದ ಸೀರೆ ಮಡಚಿ ಹಾಸಿ, ಮೇಲೆ ತೇಪೆ ಇಟ್ಟು, ಒಳಗೆ ಮತ್ತೆರಡು ಪದರ ಸೇರಿಸಿ, ನಾಲ್ಕು ಮಂದಿ ನಾಲ್ಕು ಕಡೆ ಕೂಡುತ್ತಿದ್ದರು. ಟಾಕಿ (ಕೈಹೊಲಿಗೆ) ಹಾಕುತ್ತ ಹಾಕುತ್ತ ಊರ ಮಂದಿಯ ಸುದ್ದಿ ಎಲ್ಲ ಮುಗಿಯುತ್ತಿತ್ತು. ಎರಡು ಸಾಲಿನ ನಡುವೆ ಒಂದು ಬೆರಳು ಜಾಗ, ಅಷ್ಟೇ ಅಳತೆ. ಟೇಪು, ಸ್ಕೇಲು ಯಾರ ಮನೆಯಲ್ಲಿತ್ತು? ಕೂಸು ಹುಟ್ಟಿದರೆ ಎಲ್ಲಕ್ಕಿಂತ ಮೆತ್ತನೆಯ ಸೀರೆ ಆರಿಸಿ ಸಣ್ಣ ಕೌದಿ.

ಅದರೊಳಗೆ ಯಾರ ಸೀರೆ ಎಲ್ಲಿದೆ ಅಂತ ನನ್ನ ಅವ್ವ ಕತ್ತಲೆಯಲ್ಲಿ ಕೈಯಾಡಿಸಿ ಹೇಳುತ್ತಿದ್ದಳು. ನಿಮ್ಮ ಸುರುಳಿಯಲ್ಲಿ ಯಾರ ಸೀರೆ ಇದೆ?

ಕಾಳಿತೀರ · ಭಾನುವಾರ ರಾತ್ರಿ

ಅಕ್ಕ ಕೌದಿ ಅಂದ ಕೂಡಲೇ ಬಂದೆ. ನಾನು ಹಳಿಯಾಳದ ಹತ್ತಿರದವಳು. ನಮ್ಮ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಕಾಡಿನಂಚಿನ ಹಳ್ಳಿಗಳಲ್ಲಿ ಹೊಲಿಯುತ್ತಾರೆ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಈಗ ಹೊರದೇಶದ ಕ್ವಿಲ್ಟ್ ಪ್ರದರ್ಶನಗಳಿಗೂ ಆ ಕೌದಿಗಳು ಹೋಗಿವೆ.

ಅವರು ತುಂಡುಗಳನ್ನು ಮೊದಲು ಜೋಡಿಸಿ ಆಮೇಲೆ ಹೊಲಿಯುವುದಿಲ್ಲ. ಅಡಿಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡುತ್ತಾರೆ. ತುಂಡಿನ ಅಂಚು ಒಳಗೆ ಮಡಚಿ, ಇಟ್ಟು, ಕೈಯಲ್ಲೇ ಸಾಲು ಹೊಲಿಗೆ ಹಾಕುತ್ತ ಅಂಚಿನ ಗುಂಟ ಸುತ್ತು ಬರುತ್ತಾರೆ. ಸುತ್ತು ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನಕ್ಕೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಅದಕ್ಕೆ ಫುಲಾ ಅಂತ ಹೆಸರು. ಅದಿಲ್ಲದ ಕೌದಿ ಮುಗಿದ ಲೆಕ್ಕಕ್ಕಿಲ್ಲ.

ನೋಡಿ, ಅಲ್ಲಿ ಕಾಲು ಇಂಚಿನ ಕಾಟವೇ ಇಲ್ಲ. ತುಂಡು ಸ್ವಲ್ಪ ದೊಡ್ಡದಾದರೆ ಜಾಸ್ತಿ ಮಡಚಿದರಾಯಿತು.

ಬಾಬಿನ್‌ಖಾಲಿ · ಭಾನುವಾರ ರಾತ್ರಿ

ಧಾರವಾಡದಕ್ಕನ ಮಾತು ನಾನು ಅರ್ಧ ಒಪ್ಪುತ್ತೇನೆ. ನಾನು ಹೊಸ ಬಟ್ಟೆ ಕತ್ತರಿಸುವವಳೇ, ತಪ್ಪೊಪ್ಪಿಗೆ. ಆದರೆ ಮೊದಲ ಸಲ ಹೊಲಿಯುವವರಿಗೆ ಪ್ರಿಕಟ್, ಅಂದರೆ ಮೊದಲೇ ಕತ್ತರಿಸಿ ಬರುವ ಬಟ್ಟೆ, ನಿಜವಾಗಿ ಅನುಕೂಲ. ಕತ್ತರಿಸುವಾಗ ತಪ್ಪುವ ಭಯ ಇಲ್ಲ, ಬಣ್ಣ ಹೊಂದಿಸುವ ತಲೆನೋವೂ ಇಲ್ಲ. ಹಳೇ ಸೀರೆ ಸುಲಭ ಅಂತ ತಿಳಿಯಬೇಡಿ. ಒಂದು ಕಡೆ ಪಿಸಿದಿರುತ್ತದೆ, ಒಂದು ಕಡೆ ಗಟ್ಟಿ ಇರುತ್ತದೆ, ಸ್ಕೇಲು ಇಟ್ಟರೆ ಜಾರುತ್ತದೆ.

ಸೂಜಿಮಲ್ಲಿಗೆ · ಸೋಮವಾರ ರಾತ್ರಿ

ಅಕ್ಕನ ಪ್ರಶ್ನೆ ರಾತ್ರಿಯೆಲ್ಲ ಕೊರೆಯಿತು. ಯಾರ ಸೀರೆ ಇದೆ ಅಂತ.

ನನ್ನ ಹತ್ತಿರ ಅಮ್ಮಜ್ಜಿಯ ಇಳಕಲ್ ಸೀರೆ ಒಂದಿದೆ. ಒಡಲು ನೀಲಿ ಹತ್ತಿ, ದಡಿ ಕೆಂಪು, ಸೆರಗು ಕೆಂಪು ಬಿಳಿ. ಒಡಲು ಮಡಿಕೆ ಬಿದ್ದಲ್ಲೆಲ್ಲ ಸೀಳಿದೆ, ಉಡುವ ಹಾಗಿಲ್ಲ. ಬಾಬಿನ್‌ಖಾಲಿ ಅವರು ಹೇಳಿದ ನಡುಪಟ್ಟಿಗಳಿಗೆ ಅದರ ದಡಿ ಹಾಕಬಹುದಾ? ಐದು ಪಟ್ಟಿ, ಒಂದೊಂದು ಹದಿಮೂರೂವರೆ ಇಂಚು. ಕತ್ತರಿ ಹಾಕಲು ಕೈ ನಡುಗುತ್ತಿದೆ.

ಧಾರವಾಡದಕ್ಕ · ಸೋಮವಾರ ರಾತ್ರಿ

ಸೆರಗು ಮುಟ್ಟಬೇಡ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಅದಕ್ಕೇ ಟೋಪ್ ತೆನಿ ಸೆರಗು ಅನ್ನುವುದು. ಅದೊಂದು ತುಂಡನ್ನು ಇದ್ದಂಗೇ ಇಡು. ದಡಿಯನ್ನು ನೆರಿಗೆ ಬರುವ ಕಡೆಯಿಂದ ಕತ್ತರಿಸು. ಹಾಕು ಕತ್ತರಿ, ಪೆಟ್ಟಿಗೆಯಲ್ಲಿಟ್ಟು ಹುಳ ತಿನ್ನಿಸುವುದಕ್ಕಿಂತ ಮೇಲು. ಅಮ್ಮಜ್ಜಿ ಇದ್ದಿದ್ದರೆ ಇಷ್ಟೊತ್ತಿಗೆ ಕೌದಿಯೇ ಆಗಿರುತ್ತಿತ್ತು.

ಕತ್ತರಿಪ್ರಯೋಗ · ಮಂಗಳವಾರ ಬೆಳಗ್ಗೆ

ದಡಿ ರೇಷ್ಮೆಯೋ ಆರ್ಟ್ ಸಿಲ್ಕೋ ಇರುತ್ತದೆ, ಹತ್ತಿಯ ಜೊತೆ ಹೊಲಿದರೆ ಜಾರುತ್ತದೆ, ಅಂಚೂ ಎಳೆ ಬಿಡುತ್ತದೆ. ಕತ್ತರಿಸುವ ಮೊದಲೇ ಹಿಂಬದಿಗೆ ತೆಳು ಪೇಸ್ಟಿಂಗ್, ಅಂದರೆ ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ, ಹಾಕಿ. ಕಾಲರಿಗೆ ಹಾಕುವ ಬಕ್ರಂ ಅಲ್ಲ, ಅದು ರಟ್ಟಾಗುತ್ತೆ. ಎಲ್ಲಕ್ಕಿಂತ ತೆಳುವಾದದ್ದು ಕೇಳಿ ತನ್ನಿ. ಮೇಲೆ ಒಂದು ಹತ್ತಿ ಬಟ್ಟೆ ಹಾಸಿ ಪೆಟ್ಟಿಗೆ ಒತ್ತಿ, ನೇರ ಬಿಸಿ ತಾಗಿಸಿದರೆ ಮುರುಟಿಕೊಳ್ಳುತ್ತದೆ.

ಮತ್ತೆ, ಕೆಂಪು ದಡಿ ಬಣ್ಣ ಬಿಡುತ್ತಾ ನೋಡಿಕೊಂಡಿರಾ?

ಊಟದಮನೆ · ಮಂಗಳವಾರ ಬೆಳಗ್ಗೆ

ಬಣ್ಣ ಬಿಡದಿರಲು ಉಪ್ಪು, ವಿನೆಗರ್ ನೀರಲ್ಲಿ ರಾತ್ರಿ ನೆನೆಸಿಡಿ. ನಮ್ಮ ಅಮ್ಮ ಎಲ್ಲಾ ಹೊಸ ಸೀರೆಗೂ ಮಾಡುತ್ತಿದ್ದರು.

ಬಾಬಿನ್‌ಖಾಲಿ · ಮಂಗಳವಾರ ಮಧ್ಯಾಹ್ನ

ನಮ್ಮ ಅಮ್ಮನೂ ಮಾಡುತ್ತಿದ್ದರು, ಆದರೂ ನಮ್ಮಪ್ಪನ ಬನಿಯನ್‌ಗಳೆಲ್ಲ ಗುಲಾಬಿಯೇ ಇದ್ದವು. ಉಪ್ಪು ಬಣ್ಣ ಹಾಕುವಾಗ ಕೆಲಸಕ್ಕೆ ಬರುತ್ತದೆ, ಬಣ್ಣ ಎಳೆಗೆ ಹತ್ತಲಿ ಅಂತ. ಬಣ್ಣ ಹಾಕಿ ಮುಗಿದ ಹತ್ತಿ ಬಟ್ಟೆಯಲ್ಲಿ ಸಡಿಲ ಇರುವ ಬಣ್ಣವನ್ನು ಮನೆಯ ಉಪ್ಪೂ ವಿನೆಗರ್ರೂ ಹಿಡಿದಿಡಲ್ಲ. ಬಿಡುವುದನ್ನು ಬಿಡಲು ಬಿಡಬೇಕು. ತಣ್ಣೀರಲ್ಲಿ ಬೇರೆಯಾಗಿ ಅದ್ದಿ ಅದ್ದಿ, ನೀರು ತಿಳಿಯಾಗುವ ತನಕ.

ಪರೀಕ್ಷೆ: ಒದ್ದೆ ಬಿಳಿ ಬಟ್ಟೆಯನ್ನು ದಡಿಯ ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಇನ್ನೂ ತೊಳೆಯಬೇಕು. ಜೆಲ್ಲಿ ರೋಲ್ ಪಟ್ಟಿಗಳನ್ನು ಮಾತ್ರ ಹೊಲಿಯುವ ಮೊದಲು ತೊಳೆಯಬೇಡಿ. ಎಳೆ ಬಿಟ್ಟು ನೂಡಲ್ಸ್ ಆಗುತ್ತವೆ, ಎರಡೂವರೆ ಇಂಚು ಎರಡೂಕಾಲಾಗುತ್ತದೆ. ನಾನು ಒಮ್ಮೆ ಮಾಡಿದ್ದೇನೆ, ಆ ಗಂಟು ಇನ್ನೂ ಹಾಗೇ ಇದೆ.

ಊಟದಮನೆ · ಮಂಗಳವಾರ ಮಧ್ಯಾಹ್ನ

ನಾನು ಉಪ್ಪು ಹಾಕುವುದು ಬಿಡಲ್ಲ, ಅಮ್ಮನ ಮೇಲಾಣೆ 😄

ಆದರೆ ಒಂದು ವಿಷಯ. ನಮ್ಮ ಮನೆ ಟೇಬಲ್ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಉಪ್ಪಿನಕಾಯಿ ಬಾಟಲಿ, ಮಾತ್ರೆ ಡಬ್ಬಿ, ಕರೆಂಟ್ ಬಿಲ್ಲು. ರನ್ನರ್ ಹಾಕಿದರೆ ಎರಡೇ ದಿನದಲ್ಲಿ ಸಾರಿನ ಕಲೆ. ನಮ್ಮಂಥವರಿಗೆ ಇದೆಲ್ಲ ಯಾಕೆ?

ಕತ್ತರಿಪ್ರಯೋಗ · ಮಂಗಳವಾರ ಸಂಜೆ

ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುತ್ತೆ, ಗಾಬರಿಯಾಗಬೇಡಿ. ಒಗೆದು ಬಿಸಿಲಿಗೆ ಹಾಕಿ. ಎರಡು ಮೂರು ದಿನದ ಬಿಸಿಲಿಗೆ ಅರಿಶಿನ ತಾನೇ ಹಾರಿಹೋಗುತ್ತದೆ. ಅಂಗಡಿಯಲ್ಲಿ ಮದುವೆ ಪಂಚೆಗಳಿಗೆ ಇದೇ ಮಾಡುತ್ತಿದ್ದೆವು.

ಹೊಸಸೂಜಿ · ಮಂಗಳವಾರ ರಾತ್ರಿ

ನಮಸ್ತೆ, ಹುಬ್ಬಳ್ಳಿಯಿಂದ. ಇಲ್ಲಿ ಈ ಸುರುಳಿ ಸಿಗಲ್ಲ. ಆನ್‌ಲೈನ್‌ನಲ್ಲಿ ನೋಡಿದರೆ ಬೆಲೆ ಹೆದರಿಸುತ್ತದೆ. ನಾವೇ ಮಾಡಿಕೊಳ್ಳಬಹುದಾ? ನನ್ನ ಹತ್ತಿರ ಇರುವುದು ಕಪ್ಪು ಕಾಲ್ತುಳಿತದ ಮಿಷಿನ್ನು.

ಬಾಬಿನ್‌ಖಾಲಿ · ಮಂಗಳವಾರ ರಾತ್ರಿ

ಧಾರಾಳವಾಗಿ. ದುರ್ಗದಬೈಲಿಗೆ ಹೋಗಿ 44 ಇಂಚು ಪನ್ನಾದ (ಅಗಲದ) ಹತ್ತಿ ಬಟ್ಟೆ ಆರು ಬಣ್ಣ, ಅರ್ಧರ್ಧ ಮೀಟರ್ ತನ್ನಿ. ಅರ್ಧ ಮೀಟರಿಗೆ ಎರಡೂವರೆ ಇಂಚಿನ ಏಳು ಪಟ್ಟಿ ಬರುತ್ತವೆ. ಆರು ಬಣ್ಣಕ್ಕೆ 42 ಪಟ್ಟಿ, ನಿಮ್ಮದೇ ಜೆಲ್ಲಿ ರೋಲ್. ಬಟ್ಟೆಯನ್ನು ಇಡಿಯಾಗಿ ಮೊದಲು ಒಗೆದು ಇಸ್ತ್ರಿ ಮಾಡಿ. ಕುಗ್ಗುವುದು ಮೊದಲೇ ಕುಗ್ಗಲಿ. ಕುಗ್ಗಿ ಏಳನೇ ಪಟ್ಟಿ ಬರದಿದ್ದರೆ ನನ್ನನ್ನು ಬಯ್ಯಬೇಡಿ, ಅಂಚಿಗಾಗಿ ನಾಲ್ಕು ಬೆರಳು ಜಾಸ್ತಿ ಕೇಳಿ. ಅಂಗಡಿಯವರು ಪ್ಯೂರ್ ಕಾಟನ್ ಅಂದರೂ ಒಂದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿ ಕಾಗದದ ಥರ ಸುಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಗುಳೇದಗುಡ್ಡದ ಖಣ ಸಿಕ್ಕರೆ ನಡುವೆ ಒಂದೆರಡು ಪಟ್ಟಿ ಹಾಕಿ. ಹತ್ತಿಯ ಪಕ್ಕ ಅದರ ಹೊಳಪು ಬಹಳ ಚಂದ. ಅದಕ್ಕೂ ಪೇಸ್ಟಿಂಗ್ ಬೇಕು.

ತುಳಿತದ ಮಿಷಿನ್ನು ನೇರ ಹೊಲಿಗೆಗೆ ಬಂಗಾರ. ಆದರೆ ಮುಂಬದಿ, ನಡುಪದರ, ಹಿಂಬದಿ ಮೂರೂ ಸೇರಿಸಿ ಹೊಲಿಯುವಾಗ ಮೇಲಿನದು ಸರಿದು ನೆರಿಗೆ ಬೀಳುತ್ತದೆ. ಹೊಸ ಮಿಷಿನ್ನುಗಳಿಗೆ ಮೇಲಿನ ಬಟ್ಟೆಯನ್ನೂ ನಡೆಸುವ ವಾಕಿಂಗ್ ಫುಟ್ ಬರುತ್ತದೆ. ನಿಮಗೆ ಇನ್ನೊಂದು ದಾರಿ ಇದೆ. ಹಿಂಬದಿಯ ಬಟ್ಟೆ, ಅದರ ಮೇಲೆ ನಡುಪದರ ಹಾಸಿ. ಒಂದು ತುದಿಯಲ್ಲಿ ಮೊದಲ ಪಟ್ಟಿಯನ್ನು ಅಡ್ಡಕ್ಕೆ ಮುಖ ಮೇಲೆ ಮಾಡಿ ಇಡಿ. ಎರಡನೆಯದನ್ನು ಅದರ ಮೇಲೆ ಮುಖ ಕೆಳಗೆ ಮಾಡಿಟ್ಟು, ಎಲ್ಲ ಪದರ ಸೇರಿಸಿ ಕಾಲು ಇಂಚಿಗೆ ಹೊಲಿಯಿರಿ. ಎರಡನೆಯದನ್ನು ಮಗುಚಿ ಒತ್ತಿ. ಮೂರನೆಯದು ಅದರ ಮೇಲೆ. ಹೀಗೆ ಕೊನೆ ತನಕ. ಜೋಡಿಸುವುದೂ ಕ್ವಿಲ್ಟ್ ಮಾಡುವುದೂ ಒಂದೇ ಹೊಲಿಗೆಯಲ್ಲಿ ಮುಗಿಯಿತು.

ಹೊಸಸೂಜಿ · ಮಂಗಳವಾರ ರಾತ್ರಿ

ನಡುಪದರಕ್ಕೆ ಏನು? ಸೋಫಾದವರ ಹತ್ತಿರ ಸಿಗುವ ಬಿಳಿ ಫೈಬರ್ ಹಾಳೆ ಆಗುತ್ತಾ?

ಬಾಬಿನ್‌ಖಾಲಿ · ಮಂಗಳವಾರ ರಾತ್ರಿ

ಗೋಡೆಗೆ ತೂಗುಹಾಕುವುದಕ್ಕಾದರೆ ಆಗುತ್ತೆ. ಟೇಬಲ್ಲಿಗೆ ಬೇಡ. ಅದು ಪಾಲಿಯೆಸ್ಟರ್, ಬಹಳ ಬಿಸಿ ಪಾತ್ರೆ ಇಟ್ಟರೆ ಒಳಗೇ ಕರಗಿ ಅಂಟಬಹುದು. ಜೊತೆಗೆ ಉಬ್ಬಿಕೊಂಡಿರುವುದರಿಂದ ಲೋಟ ಓಲಾಡುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಎರಡು ಪದರ, ಇಲ್ಲವೇ ಫ್ಲಾನೆಲ್. ರನ್ನರ್ ಚಪ್ಪಟೆ ಇದ್ದಷ್ಟೂ ಒಳ್ಳೆಯದು. ಏನೇ ಹಾಕಿದರೂ ಕುಕ್ಕರಿನ ಕೆಳಗೆ ಮಣೆ ಇಡಿ ಮಾರಾಯ್ತಿ.

ಸೂಜಿಮಲ್ಲಿಗೆ · ಮುಂದಿನ ಭಾನುವಾರ

ವರದಿ. ಮಾಸ್ಕಿಂಗ್ ಟೇಪು ಪರೀಕ್ಷೆ ನಾಲ್ಕನೇ ಸಲಕ್ಕೆ ಪಾಸ್. ದಡಿ ಪರೀಕ್ಷೆ ಫೇಲ್, ಬಿಳಿ ಬಟ್ಟೆ ಗುಲಾಬಿಯಾಯಿತು. ಒಂಬತ್ತು ಸಲ ತಣ್ಣೀರಲ್ಲಿ ಅದ್ದಿದ ಮೇಲೆ ನಿಂತಿತು. (ಊಟದಮನೆ ಅವರೇ, ಉಪ್ಪು ಹಾಕಲಿಲ್ಲ, ಕ್ಷಮಿಸಿ.)

ಬಾಳೆಹಣ್ಣನ್ನು ಆರು ತುಂಡು ಮಾಡಿದೆ. ಡೊಂಕು ನಿಜವಾಗಿಯೂ ಮಾಯ! ದಡಿ ಪಟ್ಟಿ ನಡುವೆ ಬಂದ ಮೇಲೆ ಆ ಅಮೆರಿಕದ ಹೂವಿನ ಬಟ್ಟೆಗೆ ಹೊಸ ಮುಖ ಬಂದಿದೆ. ಒಂದು ತಪ್ಪಾಯಿತು. ಮೂರನೇ ತುಂಡು ತಲೆಕೆಳಗು ಮಾಡಲು ಮರೆತೆ. ಜೋಡಿಸಿ ಮುಗಿದ ಮೇಲೆ ಕಂಡಿತು. ಬಿಚ್ಚಲ್ಲ.

ಈಗ ಹಿಂಬದಿ ಮತ್ತು ಅಂಚುಪಟ್ಟಿ ಬಾಕಿ. ಅಂಚಿಗೆ ಜೆಲ್ಲಿ ರೋಲ್‌ದೇ ಪಟ್ಟಿ ಸಾಕಾ? ಎಷ್ಟು ಬೇಕು?

ಕತ್ತರಿಪ್ರಯೋಗ · ಸೋಮವಾರ ಬೆಳಗ್ಗೆ

ಸುತ್ತಳತೆ ಹಾಕಿ. ಹದಿಮೂರೂವರೆ ಮತ್ತು ನಲವತ್ತಾರೂವರೆ, ಕೂಡಿ ಎರಡರಷ್ಟು ಮಾಡಿದರೆ 120 ಇಂಚು. ಮೂಲೆಗೆ, ಕೊನೆಯ ಜೋಡಣೆಗೆ ಹತ್ತಿಂಚು ಸೇರಿಸಿ, 130. ಮೂರು ಪಟ್ಟಿ 126 ಅಂತ ಆಸೆ ಹುಟ್ಟಿಸುತ್ತೆ, ಸಾಲಲ್ಲ. ಓರೆಯಾಗಿ ಜೋಡಿಸುವಾಗ ಒಂದೊಂದು ಜೋಡಣೆಗೂ ಎರಡೂವರೆ ಇಂಚು ಹೋಗುತ್ತದೆ. ನಾಲ್ಕು ಪಟ್ಟಿ ತೆಗೆದುಕೊಳ್ಳಿ.

ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ. ತೆರೆದ ಅಂಚನ್ನು ರನ್ನರಿನ ಮುಂಬದಿಯ ಅಂಚಿಗೆ ಸೇರಿಸಿ ಕಾಲು ಇಂಚಿಗೆ ಹೊಲಿಯಿರಿ. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಆಮೇಲೆ ಕೆಳಕ್ಕೆ ಮಡಚಿ, ಮಡಿಕೆ ಮೇಲಿನ ಅಂಚಿಗೆ ಸಮ ಇರಲಿ. ಅಲ್ಲಿಂದ ಮತ್ತೆ ಹೊಲಿಗೆ. ಹಿಂದಕ್ಕೆ ತಿರುಗಿಸಿದಾಗ ಮೂಲೆ ತಾನೇ ಲಕೋಟೆ ಥರ ಕೂರುತ್ತದೆ. ಹಿಂಬದಿ ಕೈಯಲ್ಲಿ ಹೆಮ್ಮಿಂಗ್.

ಹಿಂಬದಿಯ ಬಟ್ಟೆ ಒಂದೂವರೆ ಮೀಟರ್ ತಂದು ಹಾಸಿನ ದಿಕ್ಕಿಗೆ ಕತ್ತರಿಸಿ, ನಡುವೆ ಜೋಡಣೆ ಬರಲ್ಲ. ನಾಲ್ಕೂ ಕಡೆ ಎರಡಿಂಚು ಜಾಸ್ತಿ ಬಿಡಿ, ಕ್ವಿಲ್ಟ್ ಮುಗಿದ ಮೇಲೆ ಸವರಿ.

ಧಾರವಾಡದಕ್ಕ · ಸೋಮವಾರ ಮಧ್ಯಾಹ್ನ

ಹಿಂಬದಿಗೆ ಯಾಕೆ ಹೊಸ ಬಟ್ಟೆ? ಅದೇ ಸೀರೆಯ ಒಡಲು ಇದೆಯಲ್ಲ. ಗಟ್ಟಿ ಇರುವ ಕಡೆ ನೋಡಿ ಎರಡು ಪದರ ಮಾಡಿ ಹಾಸು. ಮೂರೂ ಪದರಕ್ಕೆ ಕಚ್ಚಾ ಹೊಲಿಗೆ ಹಾಕಿಕೊಂಡು, ದಪ್ಪ ದಾರದಿಂದ ಕೈಯಲ್ಲೇ ಟಾಕಿ ಹಾಕು. ಮಿಷಿನ್ನು ಬೇಡ. ಗಂಟನ್ನು ಪದರದ ಒಳಗೆ ಎಳೆದುಬಿಡು, ಹೊರಗೆ ಕಾಣಬಾರದು.

ಕಾಳಿತೀರ · ಸೋಮವಾರ ಮಧ್ಯಾಹ್ನ

ಮೂಲೆಗೆ ಫುಲಾ ಇಡಿ! ಒಂದು ಮೂಲೆಗಾದರೂ!

ಸೂಜಿಮಲ್ಲಿಗೆ · ಎರಡು ವಾರದ ನಂತರ

ಮುಗಿಯಿತು. ಹಿಂಬದಿ ಅಮ್ಮಜ್ಜಿಯ ನೀಲಿ ಒಡಲು, ನಡುವೆ ಹತ್ತಿ ಬ್ಯಾಟಿಂಗ್ (ನಡುಪದರದ ಹಾಳೆ), ಬೆರಳಗಲಕ್ಕೊಂದು ಸಾಲು. ಹದಿನಾಲ್ಕು ಸಂಜೆ ಬೇಕಾಯಿತು. ಬಲಗೈ ನಡುಬೆರಳಿನ ತುದಿ ಗಟ್ಟಿಯಾಗಿದೆ. ಫುಲಾ ನಾಲ್ಕೂ ಮೂಲೆಗಿಟ್ಟೆ, ಅಂಚುಪಟ್ಟಿ ಹೊಲಿಯುವಾಗಲೇ ಸೇರಿಸಿದೆ. ಸಿದ್ದಿ ಹೆಂಗಸರು ನೋಡಿದರೆ ನಕ್ಕಾರು, ನಾಲ್ಕೂ ನಾಲ್ಕು ಅಳತೆ.

ಅವ್ವ ಮೊನ್ನೆ ಬಂದಳು. ಟೇಬಲ್ ನೋಡಿದಳು, ಏನೂ ಅನ್ನಲಿಲ್ಲ. ಬ್ಯಾಗು ಇಟ್ಟು, ಕೈ ತೊಳೆದು, ಬಂದು ರನ್ನರಿನ ಒಂದು ತುದಿ ಎತ್ತಿ ಹಿಂಬದಿ ನೋಡಿದಳು. ಕೈಯಾಡಿಸಿದಳು. ಆಮೇಲೆ "ಟಾಕಿ ಭಾಳ ದೂರ ದೂರ ಬಿದ್ದಾವು" ಅಂದಳು. ಊಟ ಆದ ಮೇಲೆ ಸೂಜಿ ಕೇಳಿದಳು. ಎರಡು ಸಾಲಿನ ನಡುವೆ ಇನ್ನೊಂದು ಸಾಲು ಹಾಕುತ್ತ ಕೂತಿದ್ದಾಳೆ, ಈಗಲೂ. ಮೂರನೇ ತುಂಡಿನ ತಪ್ಪು ಅವಳಿಗೆ ಇನ್ನೂ ಕಂಡಿಲ್ಲ.

ಜೆಲ್ಲಿ ರೋಲ್‌ನಲ್ಲಿ ಇನ್ನೂ 29 ಪಟ್ಟಿ ಉಳಿದಿವೆ.

ಧಾರವಾಡದಕ್ಕ · ಅದೇ ರಾತ್ರಿ

ಕಂಡಿರುತ್ತದೆ ತಂಗಿ.

ಬಾಬಿನ್‌ಖಾಲಿ · ಅದೇ ರಾತ್ರಿ

ಹಿಂಬದಿಯ ಫೋಟೋನೂ ಹಾಕಿ. ಅವ್ವ ಹಾಕಿದ ಸಾಲು ಯಾವುದು ಅಂತ ನಾವು ಕಂಡುಹಿಡಿಯುತ್ತೇವೆ.